ಅಜ್ಜನದ್ದೊಂದು ಫೋಟೋ ಉಂಟಾ?

ಊರಿನಲ್ಲಿ ಹಿರಿಯರೊಬ್ಬರು ತೀರಿಕೊಂಡರು ಎಂದಿಟ್ಟುಕೊಳ್ಳಿ. ಬೆಳಿಗ್ಗೆ ಐದಕ್ಕೆ ನೆಂಟರಿಗೆಲ್ಲ ಫೋನು ಹೋಯಿತು. ಏಳಕ್ಕೆ ಅಂಗಳದಲ್ಲಿ ಕುರ್ಚಿ ಬಿತ್ತು. ಎಂಟಕ್ಕೆ ಪಂಚಾಯತು ಮೆಂಬರು ಬಂದು, ಪೇಪರಿನವರಿಗೆ ಸುದ್ದಿ ಮುಟ್ಟಿಸುವ ಕೆಲಸ ತನ್ನದು ಎಂದೂ ಆಯಿತು. ಆಗ ಬರುತ್ತದೆ ನೋಡಿ ಆ ಪ್ರಶ್ನೆ: "ಅಜ್ಜನದ್ದೊಂದು ಫೋಟೋ ಉಂಟಾ?"

ಅಲ್ಲಿಗೆ ಎಲ್ಲರ ಬಾಯಿ ಬಂದ್!

ಸೊಸೆ ಕಪಾಟು ತೆಗೆಯುತ್ತಾಳೆ. ಮಗ ಹಳೇ ಟ್ರಂಕಿಗೆ ಕೈ ಹಾಕುತ್ತಾನೆ. ಮೊಮ್ಮಗ ಫೋನಿನ ಮೇಲೆ ಬೆರಳು ಸರಿಸುತ್ತಲೇ ಇರುತ್ತಾನೆ. ಅದರಲ್ಲಿ ಸಾವಿರಗಟ್ಟಲೆ ಚಿತ್ರ ಉಂಟು. ಬೈಕಿನದ್ದು ಉಂಟು, ಬಿರಿಯಾನಿಯದ್ದು ಉಂಟು, ಬೆಕ್ಕಿನದ್ದೂ ಉಂಟು. ಅಜ್ಜನದ್ದು ಮಾತ್ರ ಇಲ್ಲ. ಕೊನೆಗೆ ಯಾರದೋ ಮದುವೆಯ ಆಲ್ಬಮಿನ ಮೂರನೇ ಸಾಲಿನಲ್ಲಿ ಅಜ್ಜನ ಅರ್ಧ ಮುಖ ಸಿಗುತ್ತದೆ. ಉಳಿದರ್ಧಕ್ಕೆ ಮದುಮಗನ ಪೇಟ ಅಡ್ಡ. ಅದೂ ಆಗದು ಎಂದಾದರೆ ಇದ್ದೇ ಉಂಟಲ್ಲ, ವೋಟಿನ ಕಾರ್ಡು! ಹೆಬ್ಬೆರಳಿನ ಉಗುರಿನಷ್ಟು ದೊಡ್ಡ ಚಿತ್ರವನ್ನು ಸ್ಟುಡಿಯೋಕ್ಕೆ ಒಯ್ದು, ಹಿಗ್ಗಿಸಿ, ತಿದ್ದಿ, ತೀಡಿ, ಹಿಂದೆ ಆಕಾಶದ ನೀಲಿ ತುಂಬಿಸಿ, ಮೈಗೆ ಒಂದು ಕೋಟು ಅಂಟಿಸಿ ಕೊಡುತ್ತಾರೆ. ಜೀವಮಾನ ಇಡೀ ಮುಂಡು, ಬೈರಾಸಿನಲ್ಲಿ ಕಳೆದವರಿಗೆ ಸತ್ತ ಮೇಲೆ ಕೋಟು!

ಉತ್ತರಕ್ರಿಯೆಯ ದಿನ ಹೂಮಾಲೆಯ ನಡುವೆ ಆ ಚಿತ್ರ ನಿಲ್ಲುತ್ತದೆ. ಬಂದವರು ಕೈಮುಗಿಯುತ್ತಾರೆ. ಹೊರಗೆ ಬಂದು ಮೆಲ್ಲಗೆ, "ಇವರು ಯಾರು ಮಾರಾಯ? ಅಜ್ಜ ಹೀಗೆ ಇರಲಿಲ್ಲವಲ್ಲ!" ಎನ್ನುತ್ತಾರೆ.

ಪುತ್ತೂರಿರಲಿ, ಸುಳ್ಯವಿರಲಿ, ಕಡಬವಿರಲಿ, ಈ ಪಜೀತಿ ಕಾಣದ ಮನೆಗಳು ಕಡಿಮೆ. ಅದೇ ಅಜ್ಜ ವರ್ಷಗಟ್ಟಲೆ ಪ್ರತಿ ಸೋಮವಾರ ಪುತ್ತೂರಿನ ಕಿಲ್ಲೆ ಮೈದಾನದ ಸಂತೆಗೆ ಬಂದವರು. ವೀಳ್ಯದೆಲೆಯ ಕಟ್ಟು ಮುಂದಿಟ್ಟು ಕುಕ್ಕರುಗಾಲಿನಲ್ಲಿ ಕೂತವರು. ಗಿರಾಕಿಯೊಡನೆ ಜಗಳ ಮಾಡಿದವರು, ಜಗಳ ಮುಗಿದ ಮೇಲೆ ಎರಡು ಎಲೆ ಹೆಚ್ಚಿಗೆ ಕೊಟ್ಟು ಬಾಯ್ತುಂಬ ನಕ್ಕವರು. ಅವರ ಸುತ್ತ ಆ ಹೊತ್ತು ನೂರು ಜನರ ಜೇಬಿನಲ್ಲಿ ನೂರು ಕ್ಯಾಮೆರಾ ಇತ್ತು. ಆ ನಗುವನ್ನು ಒಬ್ಬನಾದರೂ ಹಿಡಿದಿದ್ದರೆ ಕೋಟು ಅಂಟಿಸುವ ಪ್ರಮೇಯವೇ ಬರುತ್ತಿರಲಿಲ್ಲ.

ಹೆಸರೇ ಭಾವಚಿತ್ರ

ಕನ್ನಡದಲ್ಲಿ ಮುಖದ ಚಿತ್ರಕ್ಕೆ ಎಂತ ಹೇಳುತ್ತಾರೆ? ಭಾವಚಿತ್ರ. ಸಭೆಯ ಕರೆಯೋಲೆಯಲ್ಲಿ "ಭಾವಚಿತ್ರಕ್ಕೆ ಮಾಲಾರ್ಪಣೆ" ಎಂದಿರುತ್ತದೆ. ಅರ್ಜಿ ಫಾರ್ಮಿನಲ್ಲಿ "ಇತ್ತೀಚಿನ ಭಾವಚಿತ್ರ ಅಂಟಿಸಿ" ಎಂದಿರುತ್ತದೆ. ಯಾರು ಮಾಡಿದ ಶಬ್ದವೋ, ಮಾಡಿದವರು ಬುದ್ಧಿವಂತರು. ಮುಖಚಿತ್ರ ಎನ್ನಲಿಲ್ಲ, ತಲೆಚಿತ್ರ ಎನ್ನಲಿಲ್ಲ. ಭಾವ ಇದ್ದರೆ ಮಾತ್ರ ಅದು ಭಾವಚಿತ್ರ.

ಆದರೆ ಫಾರ್ಮಿಗೆ ಅಂಟಿಸುವ ಮೂರೂವರೆ ಸೆಂಟಿಮೀಟರ್ ಅಗಲ, ನಾಲ್ಕೂವರೆ ಸೆಂಟಿಮೀಟರ್ ಉದ್ದದ ಆ ತುಂಡಿನಲ್ಲಿ ಭಾವ ಎಲ್ಲಿ ಉಂಟು? "ನೇರ ನೋಡಿ, ಗಲ್ಲ ಸ್ವಲ್ಪ ಕೆಳಗೆ, ನಗಬೇಡಿ, ಕಣ್ಣು ಮುಚ್ಚಬೇಡಿ" ಎನ್ನುತ್ತಾರೆ ಸ್ಟುಡಿಯೋದವರು. ಅದು ಅವರ ತಪ್ಪಲ್ಲ, ಆಫೀಸಿನ ರೂಲು ಹಾಗೆ. ಭಾವಚಿತ್ರ ಇರುವ ಮತದಾರರ ಗುರುತುಚೀಟಿ ಶುರುವಾದದ್ದು 1993ರಲ್ಲಿ, ಟಿ.ಎನ್. ಶೇಷನ್ ಚುನಾವಣಾ ಕಮಿಷನರ್ ಆಗಿದ್ದಾಗ. 2010ರಲ್ಲಿ ಆಧಾರ್ ಬಂತು. ಅಡಿಕೆ ಸುಲಿಯುವ, ಬೀಡಿ ಕಟ್ಟುವ, ರಬ್ಬರ್ ಟ್ಯಾಪಿಂಗ್ ಮಾಡುವ ಎಷ್ಟೋ ಜನ ಒಬ್ಬರೇ ಕ್ಯಾಮೆರಾದ ಎದುರು ಕೂತದ್ದು ಆ ಎರಡು ಸಲ ಮಾತ್ರ. ಎರಡು ಸಲವೂ ಸರಕಾರಕ್ಕಾಗಿ. ತನಗಾಗಿ ಅಲ್ಲ, ಮನೆಯವರಿಗಾಗಿ ಅಲ್ಲ.

ಹಾಗೆಂದು ಹಿಂದಿನವರಿಗೆ ಫೋಟೋದ ಮೇಲೆ ಭಾರೀ ಪ್ರೀತಿ ಇತ್ತು ಎಂದೇನೂ ಇಲ್ಲ. "ಫೋಟೋ ತೆಗೆಸಿದರೆ ಆಯುಸ್ಸು ಕಡಿಮೆಯಾಗುತ್ತದೆ" ಎಂದು ಸೆರಗಿನಲ್ಲಿ ಮುಖ ಮುಚ್ಚಿ ಒಳಗೋಡಿದ ಅಜ್ಜಿಯಂದಿರು ಎಷ್ಟೋ. "ಮೂರು ಜನ ನಿಲ್ಲಬಾರದು" ಎಂದು ಪಕ್ಕದ ಮನೆಯ ಮಗುವನ್ನು ಎಳೆದು ತಂದು ನಾಲ್ಕನೆಯವನಾಗಿ ನಿಲ್ಲಿಸಿದವರೂ ಉಂಟು.

ಜಾತಿಯ ಹೆಸರು ಉಂಟು, ಮನುಷ್ಯನ ಹೆಸರಿಲ್ಲ

ಅಜ್ಜಿಯಂದಿರ ಹೆದರಿಕೆಯನ್ನು ಬರೀ ಮೂಢನಂಬಿಕೆ ಎಂದು ತಳ್ಳಿ ಹಾಕುವ ಮೊದಲು ಸ್ವಲ್ಪ ಹಿಂದಕ್ಕೆ ನೋಡಬೇಕು. ಈ ದೇಶದ ಸಾಮಾನ್ಯ ಜನರನ್ನು ಬಯಲಿನಲ್ಲಿ ನಿಲ್ಲಿಸಿ ದೊಡ್ಡ ಸಂಖ್ಯೆಯಲ್ಲಿ ಫೋಟೋ ತೆಗೆಸಿದವರು ಬ್ರಿಟಿಷ್ ಸರಕಾರದವರು. 1868ರಿಂದ 1875ರವರೆಗೆ 'ದಿ ಪೀಪಲ್ ಆಫ್ ಇಂಡಿಯಾ' ಎಂಬ ಎಂಟು ಸಂಪುಟಗಳನ್ನು ಹೊರಡಿಸಿದರು. ಜನರನ್ನು ಜಾತಿವಾರು, ಬುಡಕಟ್ಟುವಾರು ವಿಂಗಡಿಸಿ ಚಿತ್ರ ಅಂಟಿಸಿದರು. ಉದ್ದೇಶ ಪ್ರೀತಿಯಲ್ಲ. ಯಾರು ಯಾರು, ಯಾರನ್ನು ಎಷ್ಟು ನಂಬಬಹುದು ಎಂಬ ಲೆಕ್ಕ.

1956ರವರೆಗೆ ದಕ್ಷಿಣ ಕನ್ನಡ ಮದ್ರಾಸಿನ ಆಡಳಿತದಲ್ಲಿತ್ತು. ಮದ್ರಾಸ್ ಮ್ಯೂಸಿಯಮ್ಮಿನ ಎಡ್ಗರ್ ಥರ್ಸ್ಟನ್ ಎಂಬ ಸಾಹೇಬರು 1909ರಲ್ಲಿ ದಕ್ಷಿಣ ಭಾರತದ ಜಾತಿ, ಬುಡಕಟ್ಟುಗಳ ಬಗ್ಗೆ ಏಳು ಸಂಪುಟ ಪ್ರಕಟಿಸಿದರು. ಜಿಲ್ಲೆಯ ಕೊರಗರು, ಬಿಲ್ಲವರು, ಬಂಟರು ಎಲ್ಲರೂ ಅದರಲ್ಲಿ ಬರುತ್ತಾರೆ. ಈ ಸಾಹೇಬರು ಊರೂರು ತಿರುಗಿ ಜನರ ತಲೆಯ ಸುತ್ತಳತೆ, ಮೂಗಿನ ಉದ್ದ ಅಗಲ ಅಳೆದವರು. ಇಂಥ ಪುಸ್ತಕಗಳಲ್ಲಿ ಚಿತ್ರದ ಕೆಳಗೆ ಸಾಮಾನ್ಯವಾಗಿ ಇರುವುದು ಜಾತಿಯ ಹೆಸರು. ನಿಂತ ಮನುಷ್ಯನಿಗೆ ಅಪ್ಪ ಅಮ್ಮ ಇಟ್ಟ ಹೆಸರು ಎಂತ ಎಂದು ಕೇಳುವ ವ್ಯವಧಾನ ಯಾರಿಗೂ ಇರಲಿಲ್ಲ. ಚಿತ್ರ ಲಂಡನಿಗೆ ಹೋಯಿತು, ಮದ್ರಾಸಿಗೆ ಹೋಯಿತು. ಚಿತ್ರದಲ್ಲಿದ್ದವನ ಗುಡಿಸಲಿಗೆ ಬಂತೇ?

1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಶನ್ನಿನವರೂ ಮುಂದೆ ಜಿಲ್ಲೆಯ ಜನಜೀವನದ ಚಿತ್ರ ತೆಗೆದರು. ಹಳೇ ದಕ್ಷಿಣ ಕನ್ನಡದ ಮುಖಗಳನ್ನು ನೋಡಬೇಕೆಂದರೆ ಇವತ್ತಿಗೂ ಸ್ವಿಟ್ಜರ್ಲೆಂಡಿನ ಬಾಸೆಲ್ ಪಟ್ಟಣದ ಸಂಗ್ರಹಕ್ಕೆ ಮೊರೆ ಹೋಗಬೇಕು. ಊರಿನ ಮುಖ ಪರವೂರಿನ ಪೆಟ್ಟಿಗೆಯಲ್ಲಿ!

ಹನ್ನೆರಡೇ ಚಿತ್ರ, ಜಾಗ್ರತೆ!

ಕೂರಿಸದೆ, ನಿಲ್ಲಿಸದೆ, ಮನುಷ್ಯ ತನ್ನಷ್ಟಕ್ಕೆ ಇದ್ದಾಗ ಚಿತ್ರ ಹಿಡಿಯುವುದು ಮೊದಲು ಸಾಧ್ಯವೂ ಇರಲಿಲ್ಲ. ಹಿಂದಿನ ಗಾಜಿನ ಪ್ಲೇಟುಗಳಿಗೆ ಬೆಳಕು ತಾಗಲು ಸೆಕೆಂಡುಗಟ್ಟಲೆ ಬೇಕಿತ್ತು. ಅಷ್ಟು ಹೊತ್ತು ಅಲುಗದೆ ಕೂರಲು ತಲೆಯ ಹಿಂದೆ ಕಬ್ಬಿಣದ ಕವೆ ಇಡುತ್ತಿದ್ದರು. ಹಳೇ ಚಿತ್ರಗಳಲ್ಲಿ ಎಲ್ಲರೂ ಬಿಗಿದುಕೊಂಡು ಇರುವುದಕ್ಕೆ ಅರ್ಧ ಕಾರಣ ಈ ಕವೆ!

1925ರಲ್ಲಿ ಜರ್ಮನಿಯ ಲೈಕಾ ಎಂಬ ಅಂಗೈ ಅಗಲದ ಕ್ಯಾಮೆರಾ ಮಾರುಕಟ್ಟೆಗೆ ಬಂದ ಮೇಲೆ ಆಟ ಬದಲಾಯಿತು. ಅದೇ ದೇಶದ ಎರಿಕ್ ಸಾಲೊಮನ್ ಎಂಬವರು ಎರ್ಮನಾಕ್ಸ್ ಎಂಬ ಇನ್ನೊಂದು ಸಣ್ಣ ಕ್ಯಾಮೆರಾವನ್ನು 1928ರಲ್ಲಿ ಟೊಪ್ಪಿಯೊಳಗೆ ಅಡಗಿಸಿ ಕೋರ್ಟಿನ ಒಳಗಿನ ಚಿತ್ರ ತೆಗೆದರು. ಮಂತ್ರಿಗಳು ತೂಕಡಿಸುವುದನ್ನೂ ಬಿಡಲಿಲ್ಲ. ಅವರ ಕೆಲಸ ನೋಡಿ ಲಂಡನಿನ ಪತ್ರಿಕೆಯೊಂದು ಇಟ್ಟ ಹೆಸರೇ 'ಕ್ಯಾಂಡಿಡ್ ಕ್ಯಾಮೆರಾ'. ಮದುವೆ ಮನೆಯಲ್ಲಿ ವಿಡಿಯೋದವರು "ಕ್ಯಾಂಡಿಡ್ ಬೇಕಾ, ಟ್ರೆಡಿಷನಲ್ ಸಾಕಾ?" ಎಂದು ರೇಟು ಹೇಳುತ್ತಾರಲ್ಲ, ಆ ಶಬ್ದದ ಮೂಲ ಇಲ್ಲಿ ಉಂಟು.

ಫ್ರಾನ್ಸಿನ ಆನ್ರಿ ಕಾರ್ತಿಯೇ ಬ್ರೆಸೋನ್ ಎಂಬವರು ಲೈಕಾದ ಹೊಳೆಯುವ ಭಾಗಗಳಿಗೆಲ್ಲ ಕಪ್ಪು ಟೇಪು ಸುತ್ತಿ, ಯಾರ ಕಣ್ಣಿಗೂ ಬೀಳದಂತೆ ಬೀದಿ ತಿರುಗಿದವರು. 1948ರ ಜನವರಿ 30ರಂದು ದಿಲ್ಲಿಯಲ್ಲಿ ಗಾಂಧೀಜಿಯವರನ್ನು ಕಂಡು ಚಿತ್ರ ತೆಗೆದು ಹೊರಬಂದರು. ಅದೇ ಸಂಜೆ ಗುಂಡು ಹಾರಿತು. ಕೊನೆಯ ದಿನದ ಮುಖ ಹೇಗಿತ್ತು ಎಂದು ಲೋಕ ತಿಳಿದದ್ದು ಇಂಥ ಚಿತ್ರಗಳಿಂದ.

ಆದರೆ ಈ ಕಡೆಯ ಪೇಟೆಗಳಲ್ಲಿ ಕಥೆ ಬೇರೆ. ಕೇರಳದ ಆಲಪ್ಪುಳದಲ್ಲಿ ತಯಾರಾಗುತ್ತಿದ್ದ 'ವಾಗೀಶ್ವರಿ' ಎಂಬ ಮರದ ಕ್ಯಾಮೆರಾ, ಕರಿ ಬಟ್ಟೆಯ ಒಳಗೆ ತಲೆ ಹಾಕಿದ ಫೋಟೋಗ್ರಾಫರು, "ರೆಡೀ" ಎಂಬ ಕೂಗು. ಆಮೇಲೆ ಯಾಶಿಕಾ ಬಂತು, ಆಗ್ಫಾ ಕ್ಲಿಕ್ ಬಂತು. ಊಟಿಯ ಹಿಂದೂಸ್ತಾನ್ ಫೋಟೋ ಫಿಲ್ಮ್ಸಿನವರ 'ಇಂದು' ಕಪ್ಪು ಬಿಳುಪು ರೋಲು ಬಂತು. ಒಂದು ರೋಲಿಗೆ ಹನ್ನೆರಡೇ ಚಿತ್ರ. ಮದುವೆಗೆ ಬಂದ ಫೋಟೋಗ್ರಾಫರ್ ಧಾರೆಗೆ ಎಷ್ಟು, ಊಟದ ಪಂಕ್ತಿಗೆ ಎಷ್ಟು ಎಂದು ಲೆಕ್ಕ ಹಾಕಿ ಒತ್ತುತ್ತಿದ್ದರು. ಹಿತ್ತಿಲಿನಲ್ಲಿ ಕುಂಬಳಕಾಯಿ ಹೆಚ್ಚುತ್ತಾ ನಗುತ್ತಿದ್ದ ಅಜ್ಜಿಗಾಗಿ ಒಂದು ಫಿಲ್ಮು ದಂಡ ಮಾಡುವ ಧೈರ್ಯ ಯಾರಿಗಿತ್ತು? ಆದ್ದರಿಂದಲೇ ಹಳೇ ಆಲ್ಬಮುಗಳಲ್ಲಿ ಮದುಮಕ್ಕಳು ಇದ್ದಾರೆ, ಅಡಿಗೆಯವರಿಲ್ಲ. ಸಭಾಪತಿಗಳಿದ್ದಾರೆ, ಚಪ್ಪರ ಹಾಕಿದವರಿಲ್ಲ.

ದೊಡ್ಡವರಿಗೆ ಈ ಬರ ಇರಲಿಲ್ಲ. ಪುತ್ತೂರಿನ ಬಾಲವನದಲ್ಲಿ ದಶಕಗಳ ಕಾಲ ಬದುಕಿದ ಶಿವರಾಮ ಕಾರಂತರ ಮುಖ ಯಾರಿಗೆ ಗೊತ್ತಿಲ್ಲ? ಗಾಳಿಗೆ ಹಾರಿದಂತಿರುವ ಆ ಬಿಳಿ ಕೂದಲು ಕಂಡರೆ ಶಾಲೆಯ ಮಕ್ಕಳೂ ಹೆಸರು ಹೇಳುತ್ತಾರೆ. ಕಾರಂತರು ಸ್ವತಃ ಮೂಕಿ ಸಿನಿಮಾದ ಕಾಲದಲ್ಲೇ 'ಡೊಮಿಂಗೊ' ಎಂಬ ಚಿತ್ರ ತೆಗೆದವರು, ಕ್ಯಾಮೆರಾ ಅವರಿಗೆ ಹೊಸತಲ್ಲ. ಸಾಹಿತಿಗಳ ಸಹಜ ಮುಖಗಳನ್ನು ಹುಡುಕಿ ತೆಗೆದು 'ಮುಖಮುದ್ರೆ' ಎಂಬ ಪುಸ್ತಕವನ್ನೇ ಮಾಡಿದ ಎ.ಎನ್. ಮುಕುಂದರಂಥವರೂ ಕನ್ನಡದಲ್ಲಿ ಇದ್ದಾರೆ. ಆದರೆ ಸಾಹಿತಿಗೆ ಚಾ ಕೊಟ್ಟ ಹೋಟೆಲಿನವನ ಮುಖ? ಅದಕ್ಕೆ ಮುಕುಂದರು ಬರಲಿಕ್ಕಿಲ್ಲ. ಪಕ್ಕದ ಅಂಗಡಿಯವರೇ ಆಗಬೇಕು.

ಈಗ ಬರ ಇಲ್ಲ, ನೆರೆ!

ಈಗ ಫಿಲ್ಮಿನ ಖರ್ಚಿಲ್ಲ. ಜಾತ್ರೆಗೆ ಹೋಗಿ ನೋಡಿ. ಏಪ್ರಿಲ್ 17ರಂದು ಪುತ್ತೂರು ಮಹಾಲಿಂಗೇಶ್ವರ ದೇವರ ಬ್ರಹ್ಮರಥ ಎಳೆಯುವ ಹೊತ್ತು, ಕುಕ್ಕೆಯಲ್ಲಿ ಚಂಪಾ ಷಷ್ಠಿಯ ಹೊತ್ತು, ಸುಳ್ಯದ ಚೆನ್ನಕೇಶವ ದೇವರ ಜಾತ್ರೆಯ ಹೊತ್ತು, ಮುಗಿದ ಕೈಗಿಂತ ಎತ್ತಿದ ಫೋನು ಜಾಸ್ತಿ. ಹಾಗಾದರೆ ಅಜ್ಜನ ಫೋಟೋ ಯಾಕೆ ಇಲ್ಲ?

ಒಂದನೇ ಕಾರಣ, ಫೋನು ತಿರುಗಿರುವುದು ತನ್ನ ಕಡೆಗೇ. ಎರಡನೇ ಕಾರಣ, ತೆಗೆದ ಚಿತ್ರ ತೆಗೆದವನ ಹತ್ತಿರವೇ ಉಳಿಯುತ್ತದೆ. ಬೆಂಗಳೂರಿನಿಂದ ಬಂದ ಹುಡುಗ ಸಂತೆಯಲ್ಲಿ ಅಜ್ಜನ ಚಂದದ ಚಿತ್ರ ತೆಗೆದಾನು. ಅದು ಊರಿಡೀ ಸುತ್ತೀತು, ಸಾವಿರ ಜನ "ಸೂಪರ್" ಎಂದಾರು, ಅವನಿಗೆ ಬಹುಮಾನವೂ ಬಂದೀತು. ಅಜ್ಜನಿಗೆ ಮಾತ್ರ ಗೊತ್ತೇ ಇಲ್ಲ. ಅಜ್ಜನ ಹತ್ತಿರ ಇರುವುದು ಗುಂಡಿ ಒತ್ತುವ ಫೋನು!

ಇದು ಪುತ್ತೂರಿನ ಕಥೆ ಮಾತ್ರ ಅಲ್ಲ. 1936ರಲ್ಲಿ ಅಮೇರಿಕದ ಕ್ಯಾಲಿಫೋರ್ನಿಯಾದಲ್ಲಿ ಬಟಾಣಿ ಕೊಯ್ಯಲು ಬಂದ ಕೂಲಿಯವರ ಬಿಡಾರದಲ್ಲಿ ಡೊರೋತಿಯಾ ಲ್ಯಾಂಗ್ ಎಂಬವರು ಒಬ್ಬ ತಾಯಿಯ ಚಿತ್ರ ತೆಗೆದರು. ಹೆಗಲಿಗೆ ಎರಡು ಮಕ್ಕಳು, ಗಲ್ಲಕ್ಕೆ ಕೈ, ಹಣೆಯ ಮೇಲೆ ನೆರಿಗೆ. ಬಡತನದ ಚಿತ್ರವೆಂದರೆ ಅದೇ ಎಂಬಷ್ಟು ಲೋಕಪ್ರಸಿದ್ಧವಾಯಿತು. ಲ್ಯಾಂಗ್ ಆಕೆಯ ಹೆಸರು ಕೇಳಿರಲಿಲ್ಲ. ಫ್ಲಾರೆನ್ಸ್ ಓವೆನ್ಸ್ ಥಾಂಪ್ಸನ್ ಎಂಬ ಹೆಸರು ಜನರಿಗೆ ತಿಳಿದದ್ದು 1978ರಲ್ಲಿ. "ಆ ಚಿತ್ರದಿಂದ ಕಾಸೂ ಸಿಗಲಿಲ್ಲ" ಎಂಬ ಬೇಸರ ಆಕೆಗೆ ಇತ್ತು.

1984ರಲ್ಲಿ ಪಾಕಿಸ್ತಾನದ ಪೇಶಾವರದ ಹತ್ತಿರದ ನಿರಾಶ್ರಿತರ ಶಿಬಿರದಲ್ಲಿ ಸ್ಟೀವ್ ಮೆಕ್‌ಕರಿ ಒಬ್ಬಳು ಅಫ್ಘಾನ್ ಹುಡುಗಿಯ ಚಿತ್ರ ತೆಗೆದರು. ಹಸಿರು ಕಣ್ಣು, ಕೆಂಪು ಶಾಲು. 1985ರ ಜೂನ್ ತಿಂಗಳ 'ನ್ಯಾಷನಲ್ ಜಿಯಾಗ್ರಫಿಕ್' ಪತ್ರಿಕೆಯ ಮುಖಪುಟಕ್ಕೆ ಬಂತು, ಪ್ರಪಂಚ ಇಡೀ ನೋಡಿತು. ಶರ್ಬತ್ ಗುಲಾ ಎಂಬ ಆ ಹೆಣ್ಣುಮಗಳು ತನ್ನದೇ ಚಿತ್ರವನ್ನು ಮೊದಲು ನೋಡಿದ್ದು 2002ರಲ್ಲಿ, ಪತ್ರಿಕೆಯವರು ಹುಡುಕಿಕೊಂಡು ಹೋದ ಮೇಲೆ. ಹದಿನೇಳು ವರ್ಷ! ಜಗತ್ತಿಗೆಲ್ಲ ಗೊತ್ತಿದ್ದ ಮುಖ, ಮುಖದ ಯಜಮಾನಿಗೇ ಗೊತ್ತಿಲ್ಲ.

ಅಷ್ಟು ದೊಡ್ಡ ಪತ್ರಿಕೆಗೇ ಹೀಗಾದ ಮೇಲೆ, ಸಂತೆಯ ಅಜ್ಜನ ವಿಷಯ ಕೇಳುವವರು ಯಾರು?

ಕೇಳಿ ತೆಗೆಯುವುದೋ, ತೆಗೆದು ಕೇಳುವುದೋ?

ಇಲ್ಲೊಂದು ತರ್ಕ ಉಂಟು. ಕೇಳಿದರೆ ಜನ ಕೂದಲು ಬಾಚಿಕೊಳ್ಳುತ್ತಾರೆ, ಅಂಗಿಯ ಗುಂಡಿ ಹಾಕುತ್ತಾರೆ, ಕಲ್ಲಿನಂತೆ ನಿಲ್ಲುತ್ತಾರೆ. ಭಾವ ಓಡಿ ಹೋಗುತ್ತದೆ. ಕೇಳದೆ ತೆಗೆದರೆ ಕಳ್ಳತನ ಮಾಡಿದಂತೆ. ಹಾಗಾದರೆ ಎಂತ ಮಾಡುವುದು?

ಕಾನೂನು ಎಂತ ಹೇಳುತ್ತದೆ? ರಸ್ತೆಯಲ್ಲಿ, ಸಂತೆಯಲ್ಲಿ ಫೋಟೋ ತೆಗೆಯಲೇಬಾರದು ಎಂಬ ಕಾನೂನು ಇಲ್ಲ. ಆದರೆ ಮೇರೆ ಉಂಟು. ತನ್ನನ್ನು ಯಾರೂ ನೋಡುತ್ತಿಲ್ಲ ಎಂದು ನಂಬಿ ಖಾಸಗಿಯಾಗಿ ಇರುವ ಹೆಣ್ಣಿನ ಚಿತ್ರ ತೆಗೆದರೆ, ಭಾರತೀಯ ನ್ಯಾಯ ಸಂಹಿತೆಯ 77ನೇ ಕಲಮಿನಂತೆ ಮೊದಲ ಸಲಕ್ಕೇ ಒಂದು ವರ್ಷಕ್ಕೆ ಕಡಿಮೆಯಿಲ್ಲದ, ಮೂರು ವರ್ಷದವರೆಗಿನ ಜೈಲು, ಮೇಲೆ ದಂಡ. 2013ರಲ್ಲಿ ಹಳೇ ದಂಡ ಸಂಹಿತೆಗೆ ಸೇರಿಸಿದ್ದು, 2024ರ ಜುಲೈ 1ರಿಂದ ಹೊಸ ಸಂಹಿತೆಯಲ್ಲಿ ಮುಂದುವರಿದಿದೆ.

ಇನ್ನೊಂದು ಸಂಗತಿ. ಖಾಸಗಿತನ ಪ್ರತಿಯೊಬ್ಬನ ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಾಧೀಶರು 2017ರ ಆಗಸ್ಟ್ 24ರಂದು ಒಮ್ಮತದ ತೀರ್ಪು ಕೊಟ್ಟರಲ್ಲ, ಆ ಕೇಸು ಹಾಕಿದವರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು. ಕೇಸು ಯಾವುದರ ಮೇಲೆ? ಆಧಾರ್ ಕಾರ್ಡಿನ ಮೇಲೆ! ಮುಖವನ್ನು, ಬೆರಳನ್ನು ಸರಕಾರ ಸುಮ್ಮನೆ ಕೇಳುವಂತಿಲ್ಲ ಎಂದು ಕರ್ನಾಟಕದ ವೃದ್ಧರೊಬ್ಬರು ಸರಕಾರವನ್ನೇ ಕೋರ್ಟಿಗೆ ಎಳೆದ ಮೇಲೆ, ಫೋನು ಹಿಡಿದ ಹುಡುಗನಿಗೆ ಅಷ್ಟು ಬುದ್ಧಿ ಬೇಡವೇ?

ಎಲ್ಲದಕ್ಕೂ ಕಾನೂನು ಪುಸ್ತಕ ತೆರೆಯಬೇಕಾಗಿಲ್ಲ. ಹಿಂದೆ ಸುಳ್ಯ ತಾಲೂಕಿನಲ್ಲಿದ್ದು ಈಗ ಕಡಬ ತಾಲೂಕಿಗೆ ಸೇರಿದ ಸುಬ್ರಹ್ಮಣ್ಯದಲ್ಲಿ ಕುಮಾರಧಾರೆಗೆ ಇಳಿದು ಒದ್ದೆ ಬಟ್ಟೆಯಲ್ಲಿ ಮೆಟ್ಟಲು ಹತ್ತುವ ಹೆಂಗಸರ ಕಡೆಗೆ ಕ್ಯಾಮೆರಾ ತಿರುಗಿಸುವುದು ಫೋಟೋಗ್ರಫಿ ಅಲ್ಲ, ಪೋಲಿತನ. ಕುಡಿದು ಬಸ್‌ಸ್ಟ್ಯಾಂಡಿನಲ್ಲಿ ಬಿದ್ದವನ ಚಿತ್ರ ತೆಗೆದು ನಗುವುದೂ ಅಷ್ಟೆ. ಅವನ ಮಗಳು ಅದೇ ಪೇಟೆಯ ಶಾಲೆಗೆ ಹೋಗುತ್ತಾಳೆ. 2022ರಲ್ಲಿ 'ಕಾಂತಾರ' ಸಿನಿಮಾ ಬಂದ ಮೇಲೆ ಕೋಲದ ಗದ್ದೆಯಲ್ಲಿ ಕ್ಯಾಮೆರಾದವರ ನೂಕುನುಗ್ಗಲು. ಕೆಲವು ಕಡೆ "ಫೋಟೋ, ವಿಡಿಯೋ ತೆಗೆಯಬಾರದು" ಎಂಬ ಬೋರ್ಡು ಬಿದ್ದದ್ದು ಸುಮ್ಮನೆ ಅಲ್ಲ. ಬೋರ್ಡು ಇದ್ದಲ್ಲಿ ಫೋನು ಜೇಬಿಗೆ. ಮಾತು ಮುಗಿಯಿತು.

ಉಳಿದ ಕಡೆ ಅನುಭವಸ್ಥ ಫೋಟೋಗ್ರಾಫರುಗಳ ಉಪಾಯ ಸುಲಭದ್ದು. ಮೊದಲು ಎರಡು ಕಟ್ಟು ಎಲೆ ತೆಗೆದುಕೊಳ್ಳಿ. ಊರು ಯಾವುದು, ಬಸ್ಸು ಎಷ್ಟಕ್ಕೆ ಎಂದು ಮಾತಾಡಿಸಿ. "ಅಜ್ಜಾ, ಇಲ್ಲೇ ಬದಿಯಲ್ಲಿ ಕೂತು ನಾಲ್ಕು ಫೋಟೋ ತೆಗೀತೇನೆ, ನೀವು ನಿಮ್ಮ ವ್ಯಾಪಾರ ಮಾಡಿ" ಎನ್ನಿ. ಐದು ನಿಮಿಷ ಅಜ್ಜ ನೆಟ್ಟಗೆ ಕೂರುತ್ತಾರೆ. ಹತ್ತನೇ ನಿಮಿಷಕ್ಕೆ ಗಿರಾಕಿ ಬರುತ್ತದೆ, ಚೌಕಾಶಿ ಶುರುವಾಗುತ್ತದೆ, ಕ್ಯಾಮೆರಾ ಮರೆತೇ ಹೋಗುತ್ತದೆ. ಆಗ ಒತ್ತಿ. ಕೇಳಿದ ಹಾಗೂ ಆಯಿತು, ಭಾವವೂ ಸಿಕ್ಕಿತು. ಆತುರದಲ್ಲಿ ಕೇಳದೆ ತೆಗೆದಿದ್ದರೆ ಕೂಡಲೇ ತೋರಿಸಿ. "ಬೇಡ ಮಗಾ" ಎಂದರೆ ಅವರ ಎದುರೇ ಅಳಿಸಿ ಹಾಕಿ.

ಇಲ್ಲಿನ ಬಿಸಿಲು, ಇಲ್ಲಿನ ಮಳೆ

ಫೋನು ದುಬಾರಿಯಾದರೆ ಚಿತ್ರ ಚಂದ ಬರುತ್ತದೆ ಎಂಬುದು ಅಂಗಡಿಯವರ ಮಾತು. ಚಿತ್ರ ಚಂದ ಮಾಡುವುದು ಬೆಳಕು. ಮಧ್ಯಾಹ್ನ ಹನ್ನೆರಡರ ಬಿಸಿಲು ನೆತ್ತಿಯಿಂದ ಬೀಳುತ್ತದೆ. ಕಣ್ಣಿನ ಗುಳಿ ಎರಡೂ ಕಪ್ಪು ಹೊಂಡ. ತಲೆಯಲ್ಲಿ ಮುಟ್ಟಾಳೆ ಇದ್ದರಂತೂ ಅರ್ಧ ಮುಖ ಮಾಯ. ಬೆಳಿಗ್ಗೆ ಒಂಬತ್ತರ ಒಳಗೆ, ಸಂಜೆ ನಾಲ್ಕೂವರೆಯ ಮೇಲೆ ತೆಗೆದರೆ ಬೆಳಕು ಬದಿಯಿಂದ ಬಂದು ಮುಖದ ಗೆರೆ ಗೆರೆಯನ್ನೂ ಎತ್ತಿ ತೋರಿಸುತ್ತದೆ.

ಅಡಿಕೆ ತೋಟದ ಒಳಗೆ ನಿಲ್ಲಿಸಿದರೆ ಸೋಗೆಯ ಎಡೆಯಿಂದ ಬಿಸಿಲು ಚುಕ್ಕೆ ಚುಕ್ಕೆಯಾಗಿ ಬಿದ್ದು ಮುಖಕ್ಕೆ ಚಿರತೆಯ ಬಣ್ಣ ಬರುತ್ತದೆ. ಜಗಲಿಯ ಅಂಚು, ಅಂಗಡಿಯ ಮಾಡಿನ ಕೆಳಗೆ, ಬಸ್ಸಿನ ಕಿಟಕಿಯ ಪಕ್ಕ, ಇವೆಲ್ಲ ದೇವರು ಕೊಟ್ಟ ಸ್ಟುಡಿಯೋ. ಮಳೆಗಾಲದಲ್ಲಿ ಚಿತ್ರ ಬರುವುದಿಲ್ಲ ಎಂದು ಹೇಳುವವರಿಗೆ ಆಟಿ ತಿಂಗಳ ಮೋಡದ ಗುಣ ಗೊತ್ತಿಲ್ಲ. ಆಕಾಶ ಇಡೀ ಬಿಳಿ ಬಟ್ಟೆ ಕಟ್ಟಿದ ಹಾಗೆ. ಕೊಡೆ ಮಡಚುತ್ತಾ ಬಸ್ಸು ಹತ್ತುವ ಹೆಂಗಸಿನ ಮುಖದಲ್ಲಿ ನೆರಳೇ ಬೀಳುವುದಿಲ್ಲ.

ಇನ್ನೊಂದು ಎಡವಟ್ಟು ಬಿಳಿ ಅಂಗಿಯದ್ದು. ಬಿಳಿ ಮುಂಡು, ಬಿಳಿ ಅಂಗಿ ಕಂಡ ಕೂಡಲೇ ಕ್ಯಾಮೆರಾ "ಬೆಳಕು ಜಾಸ್ತಿಯಾಯಿತು" ಎಂದು ತಗ್ಗಿಸಿಬಿಡುತ್ತದೆ. ಅಂಗಿ ಹೊಳೆಯುತ್ತದೆ, ಮುಖ ಇದ್ದಿಲು. ಪರದೆಯ ಮೇಲೆ ಅಂಗಿಯನ್ನಲ್ಲ, ಮುಖವನ್ನು ಬೆರಳಿನಿಂದ ಮುಟ್ಟಿ, ಸರಿಯಾಗುತ್ತದೆ. ಫೋನನ್ನು ಮೂಗಿಗೆ ತಾಗುವಷ್ಟು ಹತ್ತಿರ ಹಿಡಿದರೆ ಮೂಗು ಬದನೆಕಾಯಿ. ಎರಡು ಹೆಜ್ಜೆ ಹಿಂದೆ ನಿಂತು ಎರಡು ಪಟ್ಟು ಹತ್ತಿರಕ್ಕೆ ಎಳೆದರೆ ಮುಖ ಮುಖದ ಹಾಗೆಯೇ ಇರುತ್ತದೆ. ಕೆಲಸದ ಕೈಯನ್ನು ಬಿಡಬೇಡಿ. ಬೀಡಿ ಕಟ್ಟುವವರ ಬೆರಳು, ಟೈಲರನ ಕುತ್ತಿಗೆಯ ಟೇಪು, ಕಂಡಕ್ಟರನ ಬೆರಳುಗಳ ಎಡೆಯಲ್ಲಿ ಉದ್ದಕ್ಕೆ ಮಡಚಿದ ನೋಟು, ಮನುಷ್ಯನ ಅರ್ಧ ಗುರುತು ಅಲ್ಲೇ ಉಂಟು.

ತೆಗೆಯದ ಮುಖಗಳು ಎಷ್ಟೋ ಉಳಿದಿವೆ. 1964ರ ಶಾಸ್ತ್ರಿ–ಸಿರಿಮಾವೊ ಒಪ್ಪಂದದ ನಂತರ ಶ್ರೀಲಂಕಾದಿಂದ ಬಂದು ಸುಳ್ಯ, ಪುತ್ತೂರು ಕಡೆಯ ರಬ್ಬರ್ ತೋಟಗಳಲ್ಲಿ ನೆಲೆಯಾದ ತಮಿಳರ ಮೊದಲ ತಲೆಮಾರು ಈಗ ಮುದುಕಾಗಿದೆ. ಕೋಲ ಕಟ್ಟುವವರ ಬಣ್ಣ ಹಚ್ಚಿದ ಮುಖ ಕ್ಯಾಲೆಂಡರಿನಲ್ಲಿ ಉಂಟು. ಬಣ್ಣ ತೊಳೆದ ಮೇಲಿನ ಮುಖ ಅವರ ಮನೆಯ ಗೋಡೆಯಲ್ಲಿ ಉಂಟೇ, ಕೇಳಿ ನೋಡಿ.

ಒಂದು ಪ್ರಿಂಟಿನ ಋಣ

ಚಿತ್ರ ತೆಗೆದಲ್ಲಿಗೆ ಕೆಲಸ ಅರ್ಧ ಮಾತ್ರ. ಫೋನಿನಲ್ಲಿ ಉಳಿದ ಚಿತ್ರ ಫೋನಿನೊಟ್ಟಿಗೇ ಹೋಗುತ್ತದೆ. ನೀರಿಗೆ ಬಿದ್ದರೆ ಹೋಯಿತು, ಕಳೆದರೆ ಹೋಯಿತು, ಹೊಸತು ಕೊಂಡರೂ ಹೋಯಿತು. ಕಾಗದದ ಮೇಲೆ ಬಂದರೆ ಮಾತ್ರ ಗೋಡೆಗೆ ಏರುತ್ತದೆ. ನಾಲ್ಕು ಇಂಚು ಆರು ಇಂಚಿನ ಒಂದು ಪ್ರಿಂಟಿಗೆ ಬೀಳುವ ಖರ್ಚು ಹೋಟೆಲಿನಲ್ಲಿ ಒಂದು ಚಾ, ಒಂದು ಪ್ಲೇಟು ಗೋಳಿಬಜೆಗಿಂತ ಹೆಚ್ಚೇನಲ್ಲ. ಪೇಟೆಯ ಸ್ಟುಡಿಯೋದವರಿಗೂ ಎರಡು ಕಾಸು. ಪಾಸ್‌ಪೋರ್ಟ್ ಸೈಜಿನಲ್ಲೇ ದಿನ ದೂಡುವ ಅವರಿಗೂ ಸಮಾಧಾನ.

ಇದನ್ನು ಯಾರು ಮಾಡಬೇಕು? ಅಂಗಡಿಯವರಿಗಿಂತ ಒಳ್ಳೇ ಜನ ಯಾರಿದ್ದಾರೆ? ದಿನಾ ಒಂದೇ ಜಾಗದಲ್ಲಿ ಕೂರುವವರು. ಎದುರಿನ ಹೂವಿನವಳು, ಹೊರೆ ಇಳಿಸುವವರು, ಪೇಪರು ಹಾಕುವ ಹುಡುಗ, ತಿಂಗಳಿಗೊಮ್ಮೆ ಸಾಲ ತೀರಿಸಲು ಬರುವ ಹಳ್ಳಿಯ ಗಿರಾಕಿ, ಎಲ್ಲರ ನಗು, ಎಲ್ಲರ ಸಿಟ್ಟು ಅವರಿಗೆ ಗೊತ್ತು. ಅವರು ಕ್ಯಾಮೆರಾ ಎತ್ತಿದರೆ ಯಾರೂ ಹೆದರುವುದಿಲ್ಲ, ಯಾರೂ ಬಿಗಿದುಕೊಳ್ಳುವುದಿಲ್ಲ. ಸೋಮವಾರ ತೆಗೆದದ್ದನ್ನು ಪ್ರಿಂಟು ಹಾಕಿಸಿ ಮುಂದಿನ ಸೋಮವಾರ ಕೊಟ್ಟರಾಯಿತು. ಹಿಂದೆ ಹೆಸರು, ಊರು, ತಾರೀಕು ಬರೆದು ಕೊಡಿ. ಸಾಹೇಬರು ನೂರು ವರ್ಷದ ಹಿಂದೆ ಬರೆಯದೆ ಬಿಟ್ಟದ್ದು ಅದೇ ಅಲ್ಲವೇ?

ದಿನಾ ಬಸ್ಸಿನಲ್ಲಿ ಹೋಗಿಬರುವವರಿಗೂ ಒಂದು ಮಾತು. ಪುತ್ತೂರಿನಿಂದ ಜಾಲ್ಸೂರು ದಾರಿಯಾಗಿ ಸುಳ್ಯಕ್ಕೆ, ಉಪ್ಪಿನಂಗಡಿ ದಾರಿಯಾಗಿ ಕಡಬಕ್ಕೆ ಹೋಗುವ ಬಸ್ಸಿನಲ್ಲಿ ಪಕ್ಕದ ಸೀಟಿನವರ ಚಿತ್ರ ತೆಗೆಯಬೇಕೆಂದು ಹೇಳುವುದಲ್ಲ. ಅದು ಮರ್ಯಾದೆಯೂ ಅಲ್ಲ. ಮನೆಗೆ ಮುಟ್ಟುವಾಗ ಇನ್ನೂ ಸ್ವಲ್ಪ ಬೆಳಕು ಇರುತ್ತದೆ. ಜಗಲಿಯ ಅಂಚಿನಲ್ಲಿ ಅಜ್ಜ ಎಲೆಗೆ ಸುಣ್ಣ ಹಚ್ಚುತ್ತಾ ಕೂತಿರುತ್ತಾರೆ. ಅಜ್ಜಿ ನಾಯಿಗೆ ಬಯ್ಯುತ್ತಾ ಗಂಜಿ ಹಾಕುತ್ತಿರುತ್ತಾರೆ. ಬ್ಯಾಗು ಕೆಳಗಿಡುವ ಮೊದಲು ಫೋನು ತೆಗೆಯಿರಿ.

"ಎಂತದಾ ಅದು?" ಎಂದು ಅಜ್ಜ ಕೇಳುತ್ತಾರೆ.

"ಎಂತ ಇಲ್ಲ ಅಜ್ಜಾ, ನೀವು ಎಲೆ ತಿನ್ನಿ" ಎನ್ನಿ.